ಆರು ತತ್ತಿಯ ಬಾಣಂತನ

ನಮ್ಮ ದೊಡ್ಡವ್ವನ ಅಂಗೈ ಯಾವಾಗಲೂ ಬಿಸಿ. ಅಗಲವಾದ, ಗಟ್ಟಿ ಅಂಗೈ. ಹೆಬ್ಬೆರಳಿನ ಬುಡದಲ್ಲಿ ಚರ್ಮ ಸುಟ್ಟ ರೊಟ್ಟಿಯ ಅಂಚಿನಂತೆ ಕಪ್ಪಾಗಿದೆ. ಕೆಂಡದ ಮೇಲೆ ಕೈ ಕಾಯಿಸಿ, ಎಳೆಗೂಸಿನ ಹೊಟ್ಟೆ, ಬೆನ್ನು, ಮೂಗು ಎಲ್ಲ ಒತ್ತಿ ಒತ್ತಿ ಬಂದ ಬಣ್ಣ ಅದು. ಶಹಾಬಾದಿನ ನಮ್ಮ ಓಣಿಯಲ್ಲಿ ಚಪ್ಪಟೆ ಮೂಗಿನವರು ಕಡಿಮೆ, ಅದು ತನ್ನದೇ ಕೆಲಸ ಎನ್ನುತ್ತಾಳೆ. ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲೇ ನಮ್ಮವರ ಮನೆಯಲ್ಲಿ ಹೆಣ್ಣುಮಗಳು ಹಡೆಯಲಿ, ಮೊದಲ ಫೋನು ದೊಡ್ಡವ್ವನಿಗೆ. ಒಂದು ಚೀಲದಲ್ಲಿ ಸೀರೆ, ಇನ್ನೊಂದರಲ್ಲಿ ಅಜವಾನ, ಬಜೆ, ಲೋಬಾನ ತುಂಬಿಕೊಂಡು ಹೊರಟೇಬಿಡುತ್ತಾಳೆ. "ನನ್ನ ಕೈಯಾಗ ಒಂದು ಕೂಸೂ ಕೆಟ್ಟಿಲ್ಲ" ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಾಳೆ. ಅವರು ಕೇಳಿರುವುದಿಲ್ಲ.

ನಾನು ವಾಡಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತ ಅವಳ ಮನೆಯಲ್ಲೇ ಇದ್ದೆ. ಫೋನು ಬಿಚ್ಚುವುದನ್ನೂ ಹಾವು ಸಾಕುವುದನ್ನೂ ವಿಡಿಯೊ ನೋಡಿಯೇ ಕಲಿತವನು. ಬಾಲ್ ಪೈಥಾನ್ ಎಂದರೆ ಹೊರದೇಶದ ಸಣ್ಣ ಜಾತಿಯ ಹೆಬ್ಬಾವು, ವಿಷವಿಲ್ಲ, ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆ ಒಳಗೆ ಹುದುಗಿಸುತ್ತದೆ. ಒಂದು ಜೋಡಿಯನ್ನು ಕಾಗದಪತ್ರ ಎಲ್ಲ ಮಾಡಿಸಿ ಹೈದರಾಬಾದಿನಿಂದ ತಂದಿದ್ದೆ. ಅಂದಿನಿಂದ ದೊಡ್ಡವ್ವ ನನ್ನ ಖೋಲಿಯ ಹೊಸ್ತಿಲು ದಾಟಿರಲಿಲ್ಲ. ಚಹಾ ಕೂಡ ಬಾಗಿಲಲ್ಲಿಟ್ಟು ಓಡುತ್ತಿದ್ದಳು.

ಬೇಸಿಗೆಯ ಒಂದು ಬೆಳಗ್ಗೆ ಹೆಣ್ಣು ಹಾವು ಆರು ಮೊಟ್ಟೆ ಇಟ್ಟಿತು. ನನ್ನ ಕೂಗು ಕೇಳಿ ದೊಡ್ಡವ್ವ ಹೊರಗಿನಿಂದಲೇ ವಿಚಾರಿಸಿದಳು.

"ಏನಾಯ್ತೋ? ಕಚ್ಚಿತೇನು?"

"ಇಲ್ಲ ದೊಡ್ಡವ್ವ, ತತ್ತಿ ಇಟ್ಟದ. ಆರು!"

ಬಾಗಿಲಾಚೆಯ ದನಿಯೇ ಬದಲಾಯಿತು. "ಹಡದಾಳಂತ ಹೇಳಬೇಕಿಲ್ಲೋ ಮೊದಲ? ಬಾಣಂತಿ ಏನ್ ತಿಂದಾಳ?"

"ಏನೂ ತಿಂದಿಲ್ಲ. ಅದು ತಿನ್ನೋದು... ನೀ ಕೇಳಬ್ಯಾಡ ಬಿಡು."

"ಅದೆಲ್ಲ ನಮ್ಮ ಮನ್ಯಾಗ ನಡ್ಯಂಗಿಲ್ಲ. ಅಂಟಿನುಂಡಿ ಕಟ್ತೀನಿ."

ಕಟ್ಟಿಯೇ ಬಿಟ್ಟಳು. ಹಾವು ಮೂಸಿಯೂ ನೋಡಲಿಲ್ಲ, ನಾನು ತಿಂದೆ. ಬಾಣಂತನದಲ್ಲಿ ಮೈ ತುಂಬಿಕೊಂಡವನು ನಾನೊಬ್ಬನೇ. ಮೊಟ್ಟೆಗಳನ್ನು ತಾಯಿಯ ಸುರುಳಿಯಿಂದ ಬಿಡಿಸಿ ಥರ್ಮೋಕೋಲ್ ಡಬ್ಬಿಗೆ ಹಾಕಿದ್ದು ತಿಳಿದು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. "ತಾಯಿ ಮಗ್ಗಲಾಗಿನ ಕೂಸ ಕಸಗೊಳ್ಳೋನು ನೀ" ಎನ್ನುವುದನ್ನು ಹೇಳುವುದಕ್ಕಷ್ಟೇ ಮೌನ ಮುರಿದಳು.

ನಿಜವಾದ ಫಜೀತಿ ಬೇರೆಯೇ ಇತ್ತು. ನಾನು ನೋಡಿದ ವಿಡಿಯೊಗಳೆಲ್ಲ ಚಳಿ ದೇಶದವು. ಡಬ್ಬಿಗೆ ಬಿಸಿ ತಂತಿ ಹೇಗೆ ಹಾಕಬೇಕು, ಮೂವತ್ತೊಂದು ಡಿಗ್ರಿಗೆ ಹೇಗೆ ಏರಿಸಬೇಕು ಎಂದೇ ಹೇಳಿದ್ದರು. ಅವನ್ನೆಲ್ಲ ತರಿಸಿ ಜೋಡಿಸಿದೆ. ನಮ್ಮಲ್ಲಿ ಮೇ ತಿಂಗಳು. ಮೇಲೆ ಕಾದ ಪರ್ಶಿಕಲ್ಲಿನ ಚಪ್ಪಡಿಗಳ ಮಾಳಿಗೆ. ತಂತಿ ಒಂದು ಸಲವೂ ಹೊತ್ತಿಕೊಳ್ಳಲಿಲ್ಲ, ಖೋಲಿಯೇ ಮೂವತ್ತೊಂಬತ್ತು ಇತ್ತು! ಇಳಿಸುವುದು ಹೇಗೆಂದು ಯಾವ ಪುಣ್ಯಾತ್ಮನೂ ಹೇಳಿರಲಿಲ್ಲ.

ನಾನು ತಲೆ ಚಚ್ಚಿಕೊಳ್ಳುವುದನ್ನು ನೋಡಲಾಗದೆ ದೊಡ್ಡವ್ವ ಹೇಳಿದಳು: "ದೇವರ ಖೋಲ್ಯಾಗ ಇಡು."

"ಹಾವಿನ ತತ್ತಿ? ಅಲ್ಲಿ?"

"ಮತ್ತೆಲ್ಲಿ ಇಡ್ತಿ, ನನ್ನ ತಲಿ ಮ್ಯಾಲ? ಮನ್ಯಾಗ ತಂಪಿದ್ದ ಜಾಗ ಅದೊಂದೇ."

ಹೀಗೆ ಡಬ್ಬಿ ದೇವರ ಜಗಲಿಯ ಕೆಳಗೆ ಬಂತು, ಥರ್ಮಾಮೀಟರ್ ಮೂವತ್ತೆರಡಕ್ಕೆ ಇಳಿಯಿತು. ದೊಡ್ಡವ್ವ ಲಿಂಗಪೂಜೆಗೆ ಕೂತವಳು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಡಬ್ಬಿಯ ಮೇಲಿಡುತ್ತಿದ್ದಳು. ನೆರೆಮನೆಯವರು ಬಂದರೆ, "ಮೆಲ್ಲಗ ಮಾತಾಡ್ರಿ, ಕೂಸುಗೋಳು ಮಲಗ್ಯಾವ" ಎನ್ನುತ್ತಿದ್ದಳು. ಅವರು ತೊಟ್ಟಿಲು ಹುಡುಕುತ್ತಿದ್ದರು.

ಜೂನಿನಲ್ಲಿ ಮೊದಲ ಮಳೆ ಹೊಡೆದ ದಿನ ನಾನು ವಾಡಿಯ ರೈಲು ಇಳಿದು, ತೊಯ್ದುಕೊಂಡು ಮನೆಗೆ ಬಂದೆ. ಕರೆಂಟು ಇರಲಿಲ್ಲ. ಪಡಸಾಲೆಯ ತುಂಬ ಲೋಬಾನದ ಹೊಗೆ. ದೇವರ ಖೋಲಿಗೆ ನುಗ್ಗಿದರೆ ಡಬ್ಬಿಯ ಮುಚ್ಚಳ ಓರೆ, ಪಕ್ಕದಲ್ಲಿ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ, ದೊಡ್ಡವ್ವ ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಖ ಅತ್ತ ತಿರುಗಿಸಿ, ಕಾಯಿಸಿದ ಅಂಗೈಯನ್ನು ಮೊಟ್ಟೆಗಳ ಮೇಲೆ ಹಿಡಿದಿದ್ದಾಳೆ!

"ದೊಡ್ಡವ್ವಾ! ಏನ್ ಮಾಡ್ಲಿಕತ್ತಿ?"

"ತಂಗಾಳಿ ಬಿಟ್ಟದ, ಕರೆಂಟ್ ಹೋಗ್ಯಾದ. ಕೂಸುಗೋಳಿಗಿ ಕಾವು ಕೊಡ್ಲಿಕತ್ತೀನಿ."

"ಅವು ತತ್ತಿ! ಬೇಯ್ತಾವ!"

"ಬೇಯ್ತಾವಾ?"

ಆ ಮುಖ ನಾನು ಮರೆಯಲಾರೆ. ಕೆಂಡದ ಬುಟ್ಟಿಯನ್ನು ಬರಿಗೈಯಲ್ಲೇ ಎತ್ತಿಕೊಂಡು ಅಂಗಳಕ್ಕೆ ಓಡಿ ಮಳೆಯಲ್ಲಿ ಸುರಿದಳು. ಥರ್ಮಾಮೀಟರ್ ಮೂವತ್ತಾರು ತೋರಿಸುತ್ತಿತ್ತು. ಎಷ್ಟು ಹೊತ್ತಿನಿಂದ ಎಂದು ಕೇಳಿದರೆ, "ಎರಡು ಸರ್ತಿ ಕೆಂಡ ಹಾಕೀನಿ" ಎಂದಳು.

ಮೊಬೈಲ್ ಟಾರ್ಚನ್ನು ಒಂದೊಂದೇ ಮೊಟ್ಟೆಗೆ, ಅದು ಹೊರಳದಂತೆ, ಒತ್ತಿ ಹಿಡಿದೆ. ಸಿಪ್ಪೆಯ ಒಳಗೆ ಕೆಂಪು ನರಗಳು ಬೇರಿನ ಹಾಗೆ ಹರಡಿದ್ದವು. ದೊಡ್ಡವ್ವ ಬೆನ್ನ ಹಿಂದಿನಿಂದ ಇಣುಕಿದಳು. ಒಂದರೊಳಗೆ ನೆರಳೊಂದು ಮಿಸುಕಿತು. "ಎಪ್ಪಾ, ಹೊರಳ್ತದ!" ಎಂದು ನನ್ನ ಹೆಗಲು ಹಿಂಡಿದಳು. ಐದು ಚೆನ್ನಾಗಿದ್ದವು. ಆರನೆಯದರ ನರ ಮೊದಲಿನಿಂದಲೂ ತೆಳು, ಈಗ ಕಾಣಿಸಲೇ ಇಲ್ಲ.

ತಿಂಗಳ ಕೊನೆಗೆ ಐದು ಮೂತಿಗಳು ಸಿಪ್ಪೆ ಸೀಳಿ ಹೊರಬಂದವು. ದೊಡ್ಡವ್ವನ ಚಿಂತೆ ಆಗಲೂ ಮುಗಿಯಲಿಲ್ಲ.

"ಒಂದೂ ಅಳಲಿಲ್ಲಲ್ಲೋ?"

"ಹಾವು ಅಳಂಗಿಲ್ಲ ದೊಡ್ಡವ್ವ."

"ಮತ್ತ ಆರಾಮ ಅದಾವಂತ ಹ್ಯಾಂಗ ತಿಳೀತದ?"

"ಕೈ ಹಾಕಿದ್ರ ಕಚ್ಚಲಿಕ್ಕಿ ಬರ್ತಾವ."

"ಶಾಣ್ಯಾ ಅದಾವ" ಎಂದಳು ಸಮಾಧಾನದಿಂದ.

ಆರನೆಯದಕ್ಕೆ ಇನ್ನೂ ಕೆಲವು ದಿನ ಕಾದು, ಕೊನೆಗೆ ಬಿಡಿಸಿ ನೋಡಿದೆ. ಒಳಗೆ ಬೆರಳುದ್ದದ ಮರಿ, ಜೀವವಿಲ್ಲ.

"ಕೆಂಡದ್ಲಿಂದೇನೋ?" ದೊಡ್ಡವ್ವ ಕೇಳಿದಳು.

"ಅದು ಮೊದಲಿಂದ ಅಶಕ್ತ ಇತ್ತು."

"ನಿನಗ ಖರೇ ಗೊತ್ತದ?"

ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಮೊದಲ ಸಲಕ್ಕೆ ಆರರಲ್ಲಿ ಐದು ಭಾಳ ಛಲೋ ಎಂದೂ ಹೇಳಿದೆ. ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ. ಹಳೆಯ ಕುಪ್ಪಸದ ತುಂಡಿನಲ್ಲಿ ಸುತ್ತಿ ಹಿತ್ತಲಲ್ಲಿ ಮಣ್ಣು ಮಾಡಿದಳು.

ಮುಂದಿನ ವಾರ ಸೇಡಂನಿಂದ ಒಬ್ಬ ಹೆಣ್ಣುಮಗಳು ಜೀಪು ಮಾಡಿಕೊಂಡು ಬಂದಳು. ಆಕೆಯ ಸೊಸೆ ಹಡೆದಿದ್ದಳು. ದೊಡ್ಡವ್ವ ಚೀಲ ಮುಟ್ಟಲಿಲ್ಲ.

"ಕರಿಯೋದಕ್ಕಿಂತ ಮೊದಲ ಕೇಳ್ರಿ. ಮೊನ್ನೆ ಆರರಾಗ ಒಂದು ನನ್ನ ಕೈಯಾಗ ಹೋಯ್ತು."

ಆಕೆ ಎದೆ ಮೇಲೆ ಕೈಯಿಟ್ಟುಕೊಂಡಳು. "ಶಿವನೇ! ಆರು ಮನ್ಯಾಗ್ರೀ?"

"ಒಬ್ಬಾಕೀದೇ. ಒಮ್ಮಿಗೇ ಆರು."

ಆಕೆ ನನ್ನ ಮುಖ ನೋಡಿದಳು. "ಹಾವಿಂದ್ರೀ" ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ದೊಡ್ಡವ್ವ ನಗಲಿಲ್ಲ. "ನಗಬ್ಯಾಡ್ರಿ. ಹೋಗಿದ್ದು ಖರೇ ಅದ. ವಿಚಾರ ಮಾಡಿ ಕರ್ಕೊಂಡು ಹೋಗ್ರಿ."

ಆಕೆ ನಗು ನಿಲ್ಲಿಸಿ, ಚೀಲ ತಾನೇ ಎತ್ತಿಕೊಂಡಳು. "ನಡೀರಿ ಅವ್ವಾ. ನಮ್ಮ ಕೂಸು ನಿಮ್ಮ ಕೈಯಾಗೇ ಇರ್ಲಿ."

ಈಗ ಹಾವು ಸಾಕುವ ನನ್ನಂಥ ಹುಚ್ಚರು ಅಲ್ಲಿಲ್ಲಿಂದ ಫೋನು ಮಾಡಿ, ಎಷ್ಟು ಮರಿ ತೆಗೆದೆ, ಹೇಗೆ ತೆಗೆದೆ ಎಂದು ಕೇಳುತ್ತಾರೆ. ಐದು ಎಂದಷ್ಟೇ ಹೇಳಿ ಮುಗಿಸಲು ನಾಲಿಗೆ ತುರಿಸುತ್ತದೆ. ತಡೆದುಕೊಂಡು, "ಆರಿದ್ದವು, ಒಂದು ಹೋಯಿತು, ಯಾಕೋ ಗೊತ್ತಿಲ್ಲ" ಎಂದೇ ಶುರು ಮಾಡುತ್ತೇನೆ. ಕೆಲವರು ಅಲ್ಲಿಗೇ ಫೋನಿಡುತ್ತಾರೆ. ಉಳಿದವರ ಜೊತೆ ಮಾತು ಮುಂದುವರಿಯುತ್ತದೆ.