ಅಮ್ಮನಿಗೆ ಕೇಳಿಸದ ಹಾಡು

ಪೇಪರಿನವರು, ಚಾನೆಲ್ಲಿನವರು, ಯಾರೇ ಬರಲಿ, ಮೊದಲು ಹಿಡಿಯುವುದು ನನ್ನನ್ನೇ. ಮಗ್ಗದ ಬೀದಿಯ ಮೂಲೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ರ‍್ಯಾಪ್ ಹಾಡುವ ನಮ್ಮ ಬೀದಿಯ ಹುಡುಗ ಲಾಳಿ ತನ್ನ ಮೊದಲ ಹಾಡು ರೆಕಾರ್ಡ್ ಮಾಡಿದ್ದು ಇದೇ ಅಂಗಡಿಯ ಹಿಂದಿನ ಗೂಡಿನಲ್ಲಿ, ಗೋಡೆಗೆ ಮೊಳೆ ಹೊಡೆದು ಹಳೆ ಕಂಬಳಿ ನೇತುಹಾಕಿ. ‘ಇಷ್ಟು ಸ್ಪೀಡಾಗಿ ರ‍್ಯಾಪ್ ಮಾಡೋದನ್ನ ಅವನಿಗೆ ಕಲಿಸಿದ್ದು ಯಾರು?’ ಎಂದು ಕೇಳುತ್ತಾರೆ. ಉತ್ತರವನ್ನೂ ಅವರೇ ಬರೆದುಕೊಂಡು ಬಂದಿರುತ್ತಾರೆ: ಮಗ್ಗದ ಸದ್ದೇ ಅವನ ಗುರು. ಕೇಳಲು ಚೆನ್ನಾಗಿದೆ, ಆದರೆ ಬರೀ ಬೊಗಳೆ. ಮಗ್ಗದ ಸದ್ದಿನಲ್ಲಿ ಬೆಳೆದ ಮಕ್ಕಳು ಈ ಬೀದಿಯಲ್ಲಿ ಬೇಕಾದಷ್ಟಿದ್ದಾರೆ, ಒಬ್ಬನೂ ಹಾಡುಗಾರನಾಗಲಿಲ್ಲ. ಲಾಳಿಗೆ ವೇಗ ಕಲಿಸಿದ್ದು ಅವನ ಅಮ್ಮನ ಕಣ್ಣು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಬೀದಿಯ ಹೆಂಗಸರು ಹೆಚ್ಚುಕಮ್ಮಿ ಎಲ್ಲರೂ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿಯುವವರು. ತಗಡಿನ ಮಾಡಿನ ಕೆಳಗೆ ಅಷ್ಟೂ ಮಗ್ಗ ಒಟ್ಟಿಗೆ ಓಡಿದರೆ, ಪಕ್ಕದಲ್ಲಿ ನಿಂತು ಅರಚಿಕೊಂಡರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿ ಯಾರೂ ಗಂಟಲು ಹರಿದುಕೊಳ್ಳುವುದಿಲ್ಲ, ಬರೀ ತುಟಿ ಆಡಿಸುತ್ತಾರೆ. ಈ ತುದಿಯವಳು ತುಟಿ ಆಡಿಸಿದರೆ ಆ ತುದಿಯವಳು ಓದಿಕೊಂಡು ಕಿಸಕ್ಕನೆ ನಗುತ್ತಾಳೆ. ಅತ್ತೆಯನ್ನು ಬೈಯುವುದು, ಮೇಸ್ತ್ರಿಯನ್ನು ಆಡಿಕೊಳ್ಳುವುದು, ಯಾರ ಮಗಳು ಯಾರ ಜೊತೆ ಓಡಾಡುತ್ತಾಳೆ ಎಂಬ ವರದಿ, ಎಲ್ಲ ಸದ್ದಿಲ್ಲದೆ ನಡೆಯುತ್ತದೆ. ಲಾಳಿಯ ಅಮ್ಮ ಅವರೆಲ್ಲರಿಗಿಂತ ಚುರುಕು. ಮದುವೆಗೆ ಮುಂಚೆಯೇ ಶೆಡ್ಡು ಸೇರಿದವಳು. ಎರಡು ಮಕ್ಕಳಾಗುವ ಹೊತ್ತಿಗೆ ಎರಡು ಕಿವಿಯೂ ಪೂರ್ತಿ ಹೋಗಿದ್ದವು. ತನ್ನ ಸ್ವರ ತನಗೇ ಕೇಳದ ಕಾರಣ ಗುಟ್ಟಿನ ಮಾತನ್ನೂ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತೇನೆ, ಅವಳ ಮಗನಿಗೆ ನಾನು ಮಾಮ.

ಹುಡುಗ ಚಿಕ್ಕವನಿದ್ದಾಗ ಅಮ್ಮನಿಗೆ ಊಟ ಕೊಡಲು, ನೀರು ಕೊಡಲು, ತಂಗಿ ಅಳುತ್ತಿದ್ದಾಳೆ ಎಂದು ಹೇಳಲು, ಮನೆಗೂ ಶೆಡ್ಡಿಗೂ ಓಡುತ್ತಲೇ ಇರುತ್ತಿದ್ದ. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿಯ ಹೆಸರೇ ಅವನಿಗೆ ಬಿತ್ತು. ಈಗ ಪೋಸ್ಟರುಗಳ ಮೇಲೂ ಅದೇ ಹೆಸರು.

ತಂಗಿಯ ವಿಷಯ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ.

ಆ ಮಗುವಿಗೆ ಮೂರು ತುಂಬಿರಲಿಲ್ಲ, ಜ್ವರ ಬಂದಿತ್ತು. ಅಪ್ಪ ಲಾರಿ ಓಡಿಸುವವನು, ಎಲ್ಲೋ ದೂರದಲ್ಲಿದ್ದ. ಅಮ್ಮ ರಾತ್ರಿ ಪಾಳಿ ಮುಗಿಸಿ ಬಂದು, ಮಗುವಿಗೆ ಔಷಧಿ ಕುಡಿಸಿ, ಒಳಗಿಂದ ಚಿಲಕ ಹಾಕಿ, ಪಕ್ಕದಲ್ಲೇ ಉರುಳಿಕೊಂಡಳು. ಹುಡುಗ ಶಾಲೆಯಲ್ಲಿದ್ದ. ಹಾಡಹಗಲು. ಗೋಡೆಯಾಚೆ ಪಕ್ಕದ ಮನೆಯ ಅಜ್ಜಿ ಬಟ್ಟೆ ಒಗೆಯುತ್ತಿದ್ದಳು, ಮಗು ಅಳುವುದು ಅವಳಿಗೆ ಕೇಳಿಸಿತು. ತಾಯಿ ಪಕ್ಕದಲ್ಲೇ ಇದ್ದಾಳಲ್ಲ ಎಂದು ಸುಮ್ಮನಾದಳು. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಹುಡುಗ ಶಾಲೆಯಿಂದ ಬಂದು ಬಾಗಿಲು ತಟ್ಟಿ ತಟ್ಟಿ ಸಾಕಾಗಿ ಅಜ್ಜಿಯನ್ನು ಕರೆದ. ಅವಳು ಕಿಟಕಿಯಿಂದ ಕೋಲು ತೂರಿಸಿ ಚಿಲಕ ಎತ್ತಿದಳು. ಹುಡುಗ ತಳ್ಳಿದ ಬಾಗಿಲು ಅರ್ಧಕ್ಕೇ ನಿಂತಿತು, ಏನೋ ಅಡ್ಡ ಇತ್ತು. ಮಗು ಬಾಗಿಲ ತನಕ ತೆವಳಿಕೊಂಡು ಬಂದಿತ್ತು.

ಅಮ್ಮ ಇನ್ನೂ ನಿದ್ದೆಯಲ್ಲಿದ್ದಳು. ಅಜ್ಜಿ ಮಗುವನ್ನು ಎತ್ತಿ, ಮುಖ ಒರೆಸಿ, ಮೊದಲಿದ್ದ ಜಾಗದಲ್ಲೇ ಮಲಗಿಸಿ, ಹೊದಿಕೆ ಹೊದಿಸಿದಳು. ಹುಡುಗನ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಅಮ್ಮನನ್ನು ಎಬ್ಬಿಸಿದಳು.

ನಲ್ಲಿ ನೀರಿನ ಸರದಿಗೆ ದಿನಾ ಜುಟ್ಟು ಹಿಡಿದು ಜಗಳವಾಡುವ ಬೀದಿ ನಮ್ಮದು. ಆದರೆ ಆ ಒಂದು ವಿಷಯದಲ್ಲಿ ಎಲ್ಲರದೂ ಒಂದೇ ಮಾತು. ‘ಮಲಗಿದ ಹಾಗೇ ಹೋಯ್ತಮ್ಮ. ಅಳಲೂ ಇಲ್ಲ.’ ಎಲ್ಲರೂ ಹಾಗೇ ತುಟಿ ಆಡಿಸಿದರು. ಲಾರಿ ಅಪ್ಪ ಬಂದು ಅತ್ತು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಕ್ಕ ಬದುಕಿಕೊಂಡದ್ದು ಬೀದಿಯ ಆ ಮಾತಿನಿಂದಲೇ. ಶೆಡ್ಡಿಗೆ ಮರಳಿ ಹೋದಳು, ಮಗನನ್ನು ಸಾಕಿದಳು. ‘ಒಂದ್ ಚೂರೂ ನೋವು ತಿನ್ನಲಿಲ್ಲ ನನ್ನ ಮಗು, ಪುಣ್ಯವಂತೆ’ ಎಂದು ತನ್ನ ದೊಡ್ಡ ಸ್ವರದಲ್ಲಿ ಹೇಳಿಕೊಳ್ಳುತ್ತಿದ್ದಳು. ಕೇಳಿದವರೆಲ್ಲ ತಲೆ ತಗ್ಗಿಸುತ್ತಿದ್ದೆವು.

ಹುಡುಗ ಶಾಲೆ ಬಿಟ್ಟು ಅದೇ ಶೆಡ್ಡಿನಲ್ಲಿ ಮಗ್ಗಗಳಿಗೆ ಎಣ್ಣೆ ಬಿಡುವ ಕೆಲಸಕ್ಕೆ ಸೇರಿದ. ನನ್ನ ಅಂಗಡಿಯಲ್ಲಿ ಯಾರೋ ಬಿಟ್ಟುಹೋದ ಬಿರುಕುಬಿಟ್ಟ ಫೋನಿನಲ್ಲಿ ರ‍್ಯಾಪ್ ಕೇಳಿ ಕೇಳಿ ತಾನೇ ಪದ ಕಟ್ಟತೊಡಗಿದ. ಅಭ್ಯಾಸಕ್ಕೆ ಶೆಡ್ಡಿನಂಥ ಜಾಗ ಇನ್ನೊಂದಿಲ್ಲ, ಎಷ್ಟು ಕೂಗಿದರೂ ಕೇಳುವವರಿಲ್ಲ. ಆದರೆ ನೋಡುವವರಿದ್ದರು! ಮೇಸ್ತ್ರಿಯ ಹೊಟ್ಟೆಯ ಮೇಲೆ ಕಟ್ಟಿದ ಪದವನ್ನು ಹೆಂಗಸರು ಅವನ ತುಟಿಯಿಂದಲೇ ಕದ್ದು ನಕ್ಕರು, ಸಂಜೆಯೊಳಗೆ ಅದು ಮೇಸ್ತ್ರಿಗೂ ಮುಟ್ಟಿತು. ಅವತ್ತಿನಿಂದ ಹುಡುಗ ವೇಗ ಹೆಚ್ಚಿಸಿದ. ತುಟಿ ಓದುವ ಕಣ್ಣಿಗೂ ಸಿಗದಷ್ಟು ಬೇಗ ಹೇಳಬೇಕು, ಅದೇ ಅವನ ಹಟ. ಮನೆಯಲ್ಲಿ ಅಮ್ಮನ ಎದುರು ಕೂತು ಪರೀಕ್ಷೆ. ಅವಳು ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿ ನೋಡುವಳು. ‘ಅನ್ನ ಅಂದೆ. ಅಲ್ವಾ? ಇಲ್ಲಿ ಕತ್ತೆ ಅಂದೆ.’ ಸಿಕ್ಕಿಬಿದ್ದರೆ ಇನ್ನೂ ಬೇಗ ಹೇಳುವನು. ಕೊನೆಗೊಂದು ದಿನ ಅವಳು ನಗುತ್ತಾ ಕೈಯಾಡಿಸಿದಳು. ‘ಹೋಗೋ, ನಿನ್ನ ಬಾಯಿ ಮೆಷಿನ್ನು. ಒಂದೂ ಸಿಗಲ್ಲ.’ ಅವನಿಗೆ ಸಿಕ್ಕ ಮೊದಲ ಬಹುಮಾನ ಅದೇ.

ತಮಾಷೆಯ ಹಾಡುಗಳನ್ನು ಯಾರೂ ಮೂಸಿ ನೋಡಲಿಲ್ಲ. ನಮ್ಮ ಬೀದಿಯ ಹುಡುಗರು ಕೇಳಿದರು, ಅವರ ಅಕ್ಕತಂಗಿಯರು ಕೇಳಿದರು, ಅಷ್ಟೇ. ಆಗ ಅವನು ಆ ಹಾಡು ಕಟ್ಟಿ ತಂದ.

ಖಟಕ್ ಖಟಕ್ ಮಗ್ಗ, ಕಿವಿಗೆ ಬಿತ್ತು ಬೀಗ
ನೀ ತೊಟ್ಟಿರೋ ಅಂಗೀಲಿದೆ ಅಮ್ಮನ ಕಿವಿಯ ಭಾಗ

ಅಲ್ಲಿಯವರೆಗೆ ಸರಿ. ನನ್ನ ರೋಮ ನಿಮಿರಿತು. ಆದರೆ ನಡುವೆ ಇದು ಬಂತು:

ಅಮ್ಮಾ ಅಮ್ಮಾ ಅಂತ ತಂಗಿ ಬಾಗಿಲ ತನಕ ತೆವಳಿದಳು
ಗೋಡೆಯಾಚೆ ಕೇಳಿತು, ಮಗ್ಗುಲಲ್ಲಿದ್ದ ಅಮ್ಮಂಗೆ ಕೇಳಲಿಲ್ಲ

ನಾನು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದೆ.

‘ಇದನ್ನ ತೆಗಿ.’

‘ಯಾಕೆ ಮಾಮ? ನಿಜ ತಾನೆ?’

‘ನಿಜ ಅಂತಾನೇ ತೆಗಿ ಅಂದಿದ್ದು. ನಿಮ್ಮಮ್ಮ ಏನಾಗ್ತಾಳೆ ಯೋಚನೆ ಮಾಡಿದ್ಯಾ?’

‘ಅಮ್ಮಂಗೆ ಕೇಳ್ಸಲ್ವಲ್ಲ ಮಾಮ,’ ಎಂದ. ದುರುಳತನದಿಂದ ಹೇಳಿದ ಮಾತಲ್ಲ. ಕಣ್ಣು ತುಂಬಿಕೊಂಡಿದ್ದ. ಆ ಬಾಗಿಲನ್ನು ತಳ್ಳಿದ ಕೈ ಅವನದು; ಅಷ್ಟು ವರ್ಷ ತುಟಿಯ ಮೇಲೆ ಅಜ್ಜಿಯ ಬೆರಳು ಇಟ್ಟುಕೊಂಡೇ ಬೆಳೆದಿದ್ದ. ಎಲ್ಲಾದರೂ ಒಂದು ಕಡೆ ಹೇಳಿಕೊಳ್ಳದೆ ಅವನಿಗೂ ಉಸಿರು ಕಟ್ಟಿತ್ತು. ಅದು ನನಗೆ ಅರ್ಥವಾಗುತ್ತದೆ. ಆದರೂ ಸಿಟ್ಟು ಇಳಿಯುವುದಿಲ್ಲ.

ಹಾಡು ಹತ್ತಿಕೊಂಡಿತು. ಯಾವ ಫೋನ್ ರಿಪೇರಿಗೆ ಬಂದರೂ ಒಳಗೆ ಅದೇ ಹಾಡು. ಶೆಡ್ಡಿನ ಯಜಮಾನ ಹೆದರಿ, ಕಿವಿಗೆ ಇಟ್ಟುಕೊಳ್ಳುವ ರಬ್ಬರ್ ಬಿರಡೆ ಹಂಚಿ ಫೋಟೋ ತೆಗೆಸಿಕೊಂಡ; ಫೋಟೋ ಮುಗಿದ ಮೇಲೆ ಬಿರಡೆಗಳನ್ನು ವಾಪಸ್ ಇಸಿದುಕೊಂಡ. ಪಕ್ಕದ ಮನೆಯ ಅಜ್ಜಿ ಹೊರಗೆ ಬರುವುದನ್ನೇ ಬಿಟ್ಟಳು. ಗೋಡೆಯಾಚೆ ಕೇಳಿಸಿಕೊಂಡವಳು ಯಾರೆಂದು ಈಗ ಗೊತ್ತಿಲ್ಲದವರಿರಲಿಲ್ಲ. ಬೀದಿಗೆಲ್ಲ ಗೊತ್ತಿತ್ತು, ಹಾಡು ಕೇಳಿದ ಲಕ್ಷಾಂತರ ಜನರಿಗೆ ಗೊತ್ತಿತ್ತು. ಗೊತ್ತಿಲ್ಲದವಳು ಒಬ್ಬಳೇ.

ಅವಳು ಶೆಡ್ಡು ಬಿಟ್ಟೊಡನೆ ನನ್ನ ಅಂಗಡಿಗೆ ಬರುತ್ತಿದ್ದಳು. ‘ಹಾಕೋ ತಮ್ಮ, ನನ್ನ ಮಗನ ಹಾಡು.’ ನಾನು ಹಾಕಿದರೆ ದೊಡ್ಡ ಸ್ಪೀಕರಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ‘ಕೈಗೆ ಬರುತ್ತೆ ಕಣೋ, ಜುಮ್ ಜುಮ್ ಅನ್ನುತ್ತೆ. ನನ್ನ ಮೇಲೇನೇ ಕಟ್ಟಿದಾನಂತಲ್ಲ? ಏನಂತಾನೆ?’

‘ನೀನು ದುಡಿದು ಸಾಕಿದ್ದು ಹೇಳ್ತಾನಕ್ಕ,’ ಎಂದು ನಾನು ತುಟಿ ಆಡಿಸಿದೆ. ಮತ್ತೇನು ಹೇಳಲಿ?

ಅಷ್ಟರಲ್ಲಿ ಒಂದು ಕಂಪನಿಯವರು ಹುಡುಗನನ್ನು ಕರೆದುಕೊಂಡು ಹೋದರು. ಬೇರೆ ಊಟ, ಬೇರೆ ಬಟ್ಟೆ, ಸುತ್ತ ಬರೀ ಕಿವಿ ಇದ್ದ ಜನ. ಹಾಡಿಗೆ ವಿಡಿಯೋ ಮಾಡಿದರು. ಅದನ್ನು ನಮ್ಮಲ್ಲೇ, ಶೆಡ್ಡಿನ ಎದುರಿನ ಮೈದಾನದಲ್ಲೇ ಬಿಡುಗಡೆ ಮಾಡಬೇಕೆಂದು ಲಾಳಿಯೇ ಹಟ ಹಿಡಿದ. ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕೆಂಬ ಆಸೆ ಅವನಿಗೆ.

ಬಿಡುಗಡೆಯ ಸಂಜೆ ಇಡೀ ಶೆಡ್ಡೇ ಅಲ್ಲಿತ್ತು. ಅಕ್ಕ ಹೊಸ ಬಟ್ಟೆಯಲ್ಲಿ, ಮದುವೆ ಮನೆಯಲ್ಲಿ ಬೀಗರ ನಡುವೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಪಕ್ಕದಲ್ಲಿ ನಾನು, ಹಿಂದಿನ ಸಾಲುಗಳಲ್ಲಿ ಮಗ್ಗದ ಹೆಂಗಸರು. ತೆರೆಯ ಮೇಲೆ ಮಗ್ಗ ಓಡಿತು, ಮಗ ಬಂದ, ಬಾಯಿ ಪಟಪಟ ಆಡಿತು. ‘ನೋಡಿದ್ಯಾ? ಒಂದೂ ಸಿಗಲ್ಲ!’ ಎಂದು ನನ್ನ ತೋಳು ಗುದ್ದಿ ನಕ್ಕಳು. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ಆಮೇಲೆ ಸಂಗೀತ ನಿಂತಿತು. ಚಿತ್ರವನ್ನು ನಿಧಾನ ಮಾಡಿದ್ದರು. ಹಾಡಿನ ಜೀವವೇ ಆ ಸಾಲು, ಅದಕ್ಕೆ ಒತ್ತು ಕೊಡಬೇಕು ಎಂದು ಕ್ಯಾಮೆರಾದವನ ತಲೆಗೆ ಹೊಳೆದಿತ್ತಂತೆ. ಲಾಳಿಯೂ ಮೊದಲೇ ನೋಡಿ ಚೆನ್ನಾಗಿದೆ ಎಂದಿದ್ದನಂತೆ. ತುಟಿ ನೋಡಿಕೊಂಡೇ ಬೆಳೆದ ಹುಡುಗ, ಕಿವಿ ಇದ್ದವರ ನಡುವೆ ಇದ್ದು ಇದ್ದು ಅಷ್ಟನ್ನೂ ಮರೆತಿದ್ದ. ತೆರೆಯ ತುಂಬ ಅವನ ಬಾಯಿ ಒಂದೇ ಬಂತು, ಬಾಗಿಲಿನಷ್ಟು ದೊಡ್ಡದಾಗಿ. ತುಟಿ ಓದುವವರಿಗೆ ಎಲ್ಲಕ್ಕಿಂತ ಸುಲಭದ ಪದ ‘ಅಮ್ಮ’. ಅದು ಎರಡು ಸಲ ಬಂತು. ಹಿಂದೆ ಹೆಂಗಸರು ಒಟ್ಟಿಗೆ ಉಸಿರೆಳೆದುಕೊಂಡರು. ಒಬ್ಬಳು ಎದ್ದು ತೆರೆಗೆ ಅಡ್ಡ ನಿಲ್ಲಲು ಓಡಿದಳು, ಕಂಪನಿಯ ಹುಡುಗರು ಅವಳನ್ನು ಹಿಡಿದು ಪಕ್ಕಕ್ಕೆ ಎಳೆದರು. ನಾನು ಅಕ್ಕನ ಕಡೆ ತಿರುಗಿದೆ. ಅವಳ ತುಟಿಯೂ ತೆರೆಯ ಜೊತೆಗೆ ಆಡುತ್ತಿತ್ತು. ತೆವಳಿದಳು. ಗೋಡೆಯಾಚೆ. ಕೇಳಿತು. ಶಾಲೆಯ ಮಗು ಅಕ್ಷರ ಕೂಡಿಸಿ ಓದುವ ಹಾಗೆ ಅವಳು ಕೊನೆಯ ಪದದವರೆಗೂ ಓದಿದಳು.

ಚಪ್ಪಾಳೆಯೋ ಚಪ್ಪಾಳೆ. ಲಾಳಿ ಕೈಯಲ್ಲಿ ಮೈಕು ಹಿಡಿದು ವೇದಿಕೆಗೆ ಜಿಗಿದು ಬಂದ. ಮೊದಲು ನೋಡಿದ್ದು ಅಮ್ಮನನ್ನೇ. ಅವಳು ಎದ್ದು ನಿಂತಿದ್ದಳು. ಸ್ವರ ತೆಗೆಯಲಿಲ್ಲ, ಶೆಡ್ಡಿನಲ್ಲಿ ಕೇಳುವ ಹಾಗೆ ಬರೀ ತುಟಿಯಲ್ಲಿ ಕೇಳಿದಳು:

‘ಎಷ್ಟು ಹೊತ್ತು ಅತ್ಳು?’

ಅಷ್ಟು ಜನರಲ್ಲಿ ಅದು ಪಕ್ಕದಲ್ಲಿದ್ದ ನನಗೆ ಮತ್ತು ಎದುರಿಗಿದ್ದ ಅವನಿಗೆ ಮಾತ್ರ ಅರ್ಥವಾಯಿತು. ಲಾಳಿ ಮೈಕನ್ನು ಬಾಯಿಂದ ಕೆಳಗಿಳಿಸಿದ. ಇದೂ ಒಂದು ಸ್ಟೈಲು ಎಂದುಕೊಂಡು ಜನ ಇನ್ನೂ ಜೋರಾಗಿ ಕೂಗಿದರು.

ಅವಳು ಅಲ್ಲಿಂದ ನೇರವಾಗಿ ಪಕ್ಕದ ಮನೆಗೆ ಹೋಗಿ ಬಾಗಿಲು ಬಡಿದಳು. ನಾನು ಹಿಂದೆಯೇ ಓಡಿದ್ದೆ. ಅಜ್ಜಿ ಬಾಗಿಲು ತೆಗೆದು ಅವಳ ಮುಖ ನೋಡಿದ ಕೂಡಲೇ ಹೊಸ್ತಿಲ ಮೇಲೇ ಕೂತುಬಿಟ್ಟಳು. ಅದೇ ಪ್ರಶ್ನೆ. ಅಜ್ಜಿ ಮುಖ ಮುಚ್ಚಿಕೊಂಡಿದ್ದ ಕೈಯನ್ನು ಅಕ್ಕನೇ ಸರಿಸಿದಳು, ಓದಬೇಕಲ್ಲ.

‘ಒಂದು ಬಕೆಟ್ ಬಟ್ಟೆ ಒಗೆದು, ಹಿಂಡಿ, ಒಣಗಲು ಹಾಕೋವರೆಗೂ,’ ಎಂದಳು ಅಜ್ಜಿ.

ಅಕ್ಕ ತಲೆಯಾಡಿಸಿದಳು. ಮನೆಗೆ ಹೋಗಿ ಆ ಬಾಗಿಲ ಬಳಿ ಕೂತಳು. ಮರುದಿನ ಶೆಡ್ಡಿಗೆ ಹೋದಳು.

ಈಗ ಲಾಳಿಯ ಪೋಸ್ಟರು ಇಲ್ಲದ ಗೋಡೆಯಿಲ್ಲ. ಬಿಡುವಾದಾಗಲೆಲ್ಲ ಬರುತ್ತಾನೆ. ಅವಳು ಬೇಡ ಅನ್ನುವುದಿಲ್ಲ, ಊಟಕ್ಕೆ ಬಡಿಸುತ್ತಾಳೆ, ಅವನ ಅಂಗಿಯ ಗುಂಡಿ ಸಡಿಲವಾಗಿದ್ದರೆ ಹೊಲಿದು ಕೊಡುತ್ತಾಳೆ. ಆದರೆ ಆ ಗುಂಡಿಯಿಂದ ಮೇಲಕ್ಕೆ ಕಣ್ಣೆತ್ತುವುದಿಲ್ಲ. ಅವನು ಬಗ್ಗಿ ಮುಖ ತೋರಿಸಲು ಹೋದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅವಳು ಕಣ್ಣು ಮುಚ್ಚಿದರೆ ಮುಗಿಯಿತು, ಅವನು ಹೇಳುವುದಕ್ಕೆ ದಾರಿಯೇ ಇಲ್ಲ.

ಮೊನ್ನೆ ನನ್ನ ಅಂಗಡಿಗೆ ಬಂದು ಒಳಗಿನ ಗೂಡಿನಲ್ಲಿ ಕೂತು ಅತ್ತ. ‘ನೀವೇ ಹೇಳಿ ಮಾಮ. ನಿಮ್ಮ ತುಟಿ ನೋಡ್ತಾಳೆ. ತಪ್ಪಾಯ್ತು ಅಂತ ಹೇಳಿ.’ ಶೆಡ್ಡು ಬಿಟ್ಟ ಹೊತ್ತಿಗೆ ನಾನು ಅಕ್ಕನನ್ನು ಕೂಗಿದರೇನು ಪ್ರಯೋಜನ, ಹೋಗಿ ಕೈ ಹಿಡಿದು ಅಂಗಡಿಯ ಮುಂದೆ ನಿಲ್ಲಿಸಿಕೊಂಡೆ. ‘ತಪ್ಪಾಯ್ತಂತೆ ಅಕ್ಕ. ಒಂದು ಸಲ ಅವನ ಮುಖ ನೋಡಬೇಕಂತೆ ನೀನು.’

ಅವಳು ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ತನ್ನ ಅದೇ ದೊಡ್ಡ ಸ್ವರದಲ್ಲಿ ಹೇಳಿದಳು:

‘ತಪ್ಪೇನು ಮಾಡಿದಾನೆ ಅವನು? ನಿಜ ತಾನೆ ಹೇಳಿದ್ದು. ನೀವೆಲ್ಲ ಸುಳ್ಳು ಹೇಳಿದೋರು, ಅದಕ್ಕೇ ನಿಮ್ಮ ಬಾಯಿ ನೋಡೋಕೆ ನಂಗೆ ಭಯ ಇಲ್ಲ. ಅವನು ನಿಜ ಹೇಳೋನು ಕಣೋ ತಮ್ಮ. ಇನ್ನೊಂದು ಹೇಳಿಬಿಟ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ.’

ಚೀಲ ಹೆಗಲಿಗೆ ಏರಿಸಿಕೊಂಡು ಮನೆಯ ಕಡೆ ಹೊರಟಳು. ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. ಲಾಳಿ ಅಂಗಡಿಯ ಒಳಗೇ ಕೂತಿದ್ದ. ಅವನಿಗೆ ಎಲ್ಲ ಕೇಳಿಸಿತು.