ಬಿಲದ ಅಳತೆಯ ನಾಯಿ ಮತ್ತು ಕಂಪೌಂಡರ್ ಕಾಕಾ

ಕಾಕಾ ಅವರ ಬಲಗೈ ಅಂಗಿತೋಳು ಯಾವಾಗಲೂ ಹೆಗಲವರೆಗೆ ಮಡಚಿರುತ್ತಿತ್ತು. ಎಡತೋಳಿಗೆ ಮಾತ್ರ ಮಣಿಕಟ್ಟಿನ ಗುಂಡಿ. ಮದುವೆಮನೆಗೂ ಹಾಗೆಯೇ ಬರುತ್ತಿದ್ದರು. ಪಶು ದವಾಖಾನೆಯ ಕಂಪೌಂಡರಾಗಿ ಮೂವತ್ತು ವರ್ಷ, ಹೊಟ್ಟೆಯಲ್ಲಿ ಅಡ್ಡಾದ ಕರುಗಳನ್ನು ಕೈಹಾಕಿ ಎಳೆದು ತೆಗೆದವರು. "ಕರದಾಗ ತೋಳ ಮಡಚಕೋತ ನಿಂದ್ರಾಕ ಆಗತೈತೇನ?" ಎನ್ನುತ್ತಿದ್ದರು. ಅವರ ಅಂಗಿ ಹೊಲಿಯುತ್ತಿದ್ದವಳು ನಾನು. ಆ ಬಲತೋಳಿನ ಬಟ್ಟೆ ದಂಡವೆಂದು ನನಗೆ ಪ್ರತಿ ಸಲವೂ ಅನ್ನಿಸುತ್ತಿತ್ತು.

ಯರಗಟ್ಟಿಯ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ನನ್ನ ಹೊಲಿಗೆ ಅಂಗಡಿ. ನಿವೃತ್ತಿಯಾದ ಮೇಲೆ ಕಾಕಾ ಬೆಳಗಿನ ಚಹಾ ಮುಗಿಸಿ ಅಲ್ಲಿ ಬಂದು ಕೂರುತ್ತಿದ್ದರು. ತಮ್ಮನ್ನು ಯಾರಾದರೂ ಡಾಕ್ಟರ್ ಅಂದರೆ ಸಿಟ್ಟು. ಯಾವ ಪ್ರಾಣಿಯನ್ನೇ ತಂದರೂ ಮುಟ್ಟುವ ಮೊದಲು, "ಇದರ ಕೆಲಸ ಏನ?" ಎಂದು ಕೇಳುವುದು ಅವರ ರೂಢಿ. ಎತ್ತು ಹೊಲದಲ್ಲಿ ಗಳೆ ಹೊಡೆಯುತ್ತದೋ ಚಕ್ಕಡಿ ಎಳೆಯುತ್ತದೋ ತಿಳಿಯದೆ ಔಷಧ ಹೇಳುತ್ತಿರಲಿಲ್ಲ.

ಆ ರೂಢಿ ತಪ್ಪಿದ್ದು ಒಮ್ಮೆ ಮಾತ್ರ. ಬೆಳಗಾವಿಯಲ್ಲಿದ್ದ ನನ್ನ ತಮ್ಮನಿಗೆ ದೂರದೂರಿಗೆ ವರ್ಗವಾಗಿ, ತನ್ನ ನಾಯಿಮರಿಯನ್ನು ನಮ್ಮಲ್ಲಿ ಬಿಟ್ಟುಹೋದ. ಉದ್ದನೆಯ ಮೈ, ಗೇಣು ತುಂಬದ ಸೊಟ್ಟ ಕಾಲು, ಇಷ್ಟು ಗಾತ್ರಕ್ಕೆ ಅಷ್ಟು ದೊಡ್ಡ ಗಂಟಲು. ನನ್ನ ಮಗಳು ರಾಣಿ ಎಂದು ಹೆಸರಿಟ್ಟಳು. ಕಾಕಾ ನೋಡಿದ್ದೇ, "ಅಯ್ಯ ಪಾಪ, ಎಲುಬಿಗೆ ಸುಣ್ಣಾನ ಸಾಲವಲ್ದು" ಎಂದು ಕ್ಯಾಲ್ಸಿಯಂ ಔಷಧ ಶುರುಮಾಡಿದರು. ವಾರಕ್ಕೊಮ್ಮೆ ನನ್ನ ಟೇಪಿನಿಂದ ಕಾಲು ಅಳೆಯುವುದು. ಎರಡು ತಿಂಗಳಾದರೂ ಕಾಲು ಇದ್ದಲ್ಲೇ ಇತ್ತು, ಹೊಟ್ಟೆ ಮಾತ್ರ ಎರಡು ಇಂಚು ಬೆಳೆಯಿತು!

ಕೊನೆಗೆ ತಮ್ಮನಿಗೆ ಫೋನ್ ಮಾಡಿದೆ. ಅವನು ನಕ್ಕು ನಕ್ಕು, "ಅಕ್ಕಾ, ಅದು ಡ್ಯಾಕ್ಸ್‌ಹುಂಡ್. ಅದರ ಕಾಲ ಇರೂದ ಅಷ್ಟ" ಅಂದ.

ಕಾಕಾ ನಾಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಎದ್ದು ಹೋದರು. ಗುರುತಿನ ಪಶುವೈದ್ಯರೊಬ್ಬರನ್ನು ಫೋನಿನಲ್ಲಿ ಕೇಳಿ, ಮರುದಿನ ಪರೀಕ್ಷೆ ಪಾಸಾದವರ ಮುಖ ಮಾಡಿಕೊಂಡು ಬಂದರು.

"ಜರ್ಮನ್ ಮಂದಿ ಇಟ್ಟ ಹೆಸರವ್ವಾ. ಡ್ಯಾಕ್ಸ್ ಅಂದ್ರ ಬ್ಯಾಜರ್ ಅಂತ, ಬಿಲಾ ತೋಡಿಕೊಂಡು ಇರೂ ಪ್ರಾಣಿ. ಹುಂಡ್ ಅಂದ್ರ ನಾಯಿ. ಬಿಲದಾಗ ಹೊಕ್ಕು ಅದನ್ನ ಹಿಡಿಯೂದ ಇದರ ಕೆಲಸ. ಅದಕ್ಕ ಕಾಲ ಗಿಡ್ಡ. ನೆಲದಾಗಿಂದ ಒದರಿದ್ರ ಮ್ಯಾಲಿದ್ದಾವಗ ಕೇಳಬೇಕು, ಅದಕ್ಕ ಅಷ್ಟ ದೊಡ್ಡ ದನಿ. ನಿನ್ನಂಥಾವರು ಯಾರೋ ಬಿಲದ ಅಳತಿ ತಗೊಂಡು ಇದನ್ನ ಹೊಲಿದಾರ ನೋಡು!"

ಆಮೇಲೆ ತಿಂಗಳುಗಟ್ಟಲೆ ಚಹಾದಂಗಡಿಯಲ್ಲಿ ಇದೇ ಸುದ್ದಿ. ಸವದತ್ತಿ ಬಸ್ಸಿಗೆ ಕಾಯುವವರನ್ನೂ ಬಿಡಲಿಲ್ಲ. "ಛಲೋ ನಾಯಿಗೆ ನಾ ಔಷಧ ಕುಡಿಸೇನ್ರಿ" ಎಂದು ತಾವೇ ಹೇಳಿ ತಾವೇ ನಗುವರು.

ಮೂರು ವರ್ಷದ ನಂತರ ರಾಣಿ ಬಟ್ಟೆ ಕತ್ತರಿಸುವ ಮೇಜಿನಿಂದ ಜಿಗಿದವಳು, ಮರುದಿನ ಹಿಂಗಾಲು ಎಳೆಯತೊಡಗಿದಳು. ಬೆನ್ನೆಲುಬಿನ ನಡುವಿನ ಮೆತ್ತೆ ಜಾರಿದೆ, ಉದ್ದ ಬೆನ್ನಿನ ಈ ಜಾತಿಗೆ ಇದು ಬರುವುದೇ ಎಂದರು ಊರಿನ ಡಾಕ್ಟರು. ದೊಡ್ಡ ಊರಿನಲ್ಲಿ ಆಪರೇಷನ್, ಇಲ್ಲವೇ ಒಂದು ಇಂಜೆಕ್ಷನ್, ನೋವಿಲ್ಲದೆ ಜೀವ ಹೋಗುತ್ತದೆ. ಎರಡು ದಿನ ಅವಳ ಉಚ್ಚೆ ಒರೆಸಿ, ನರಳುವುದನ್ನು ಕೇಳಿ ನನಗೆ ಸಾಕಾಗಿಹೋಗಿತ್ತು. ಮಗಳು ಶಾಲೆಗೆ ಹೋದ ಹೊತ್ತಿನಲ್ಲಿ ಡಾಕ್ಟರಿಗೆ ಫೋನ್ ಮಾಡಿ, "ಬಂದಬಿಡ್ರಿ" ಅಂದೆ. ಇಂಜೆಕ್ಷನ್ ಕೊಡುವಾಗ ಹಿಡಿದುಕೊಳ್ಳಲು ಕಾಕಾನನ್ನೂ ಕರೆದೆ.

ಕಾಕಾ ಬಂದು ನೆಲದ ಮೇಲೆ ಕುಳಿತು, ರಾಣಿಯ ಹಿಂಗಾಲಿನ ಬೆರಳನ್ನು ಜೋರಾಗಿ ಚಿವುಟಿದರು. ಅವಳು ತಟ್ಟನೆ ತಿರುಗಿ ಅವರ ಕೈಗೆ ಬಾಯಿ ಹಾಕಿದಳು.

"ಕಾಲಿಗೆ ಖಬರ ಐತಿ, ನೋವು ತಿಳೀತೈತಿ!" ಎಂದರು, ಕಚ್ಚಿಸಿಕೊಂಡ ಕೈ ನೋಡುತ್ತ. "ಖಬರ ಇದ್ದರ ಇನ್ನೂ ಆಸೆ ಐತಿ. ಬಿಲದಾಗ ಇರೂ ಜಾತಿ, ಇಕ್ಕಟ್ಟಿಗೆ ಅಂಜೂದಿಲ್ಲ. ಒಂದು ಪೆಟಿಗಿ ಮಾಡಸೂಣು. ಡಾಕ್ಟರ್ ಔಷಧ ಕೊಡಲಿ, ಅದರಾಗ ಇಟ್ಟು ಆರು ವಾರ ಅಳಗ್ಯಾಡಸಾಕ ಬ್ಯಾಡ."

ಡಾಕ್ಟರಿಗೆ ತಾವೇ ಫೋನ್ ಮಾಡಿದರು. ಇಂಜೆಕ್ಷನ್ ನಿಂತಿತು, ಗುಳಿಗೆ ಬಂದವು, ಪೆಟ್ಟಿಗೆಯೂ ಬಂತು. ಆರು ವಾರವೂ ಮುಂಜಾನೆ-ಸಂಜೆ ಬಂದು, ಹೊಟ್ಟೆ ಮೆಲ್ಲಗೆ ಒತ್ತಿ ಉಚ್ಚೆ ಮಾಡಿಸಿದರು. ಐದನೇ ವಾರ ಬಾಲ ಅಲ್ಲಾಡಿತು. ಏಳನೇ ವಾರ ರಾಣಿ ಕುಡಿದವರ ಹಾಗೆ ಓಲಾಡುತ್ತ ಎದ್ದು ನಿಂತಳು. ನಾನು ಅಂಗಡಿಯಲ್ಲೇ ಗೊಳೋ ಎಂದು ಅತ್ತೆ.

ಅಂದು ಸಂಜೆ ಮಗಳು ಕೇಳಿದಳು, "ಕಾಕಾ, ಪೆಟಿಗಿ ಮಾಡಸಬೇಕು ಅಂತ ಹೆಂಗ ಹೊಳೀತ್ರಿ?"

ಕಾಕಾ ನನ್ನ ಮುಖ ನೋಡಲಿಲ್ಲ. "ನಿಮ್ಮವ್ವ ಹೆಂಗರ ಮಾಡಿ ಉಳಸ್ರಿ ಅಂತ ಕರಸಿದ್ಲು. ನಾ ಬಂದೆ, ಅಷ್ಟ" ಅಂದರು.

ಹೋದ ವರ್ಷ ಕಾಕಾ ತೀರಿಕೊಂಡರು. ಕೂತಲ್ಲೇ, ಚಹಾದ ಬಟ್ಟಲು ಕೈಯಲ್ಲಿದ್ದ ಹಾಗೆ. ಮಣ್ಣಿಗೆ ಬಂದ ಮಂದಿಯ ಮುಂದೆ ನನ್ನ ಮಗಳು ಅಳುತ್ತ ಹೇಳುತ್ತಿದ್ದಳು: "ನಮ್ಮ ರಾಣಿನ್ನ ಉಳಿಸಿದಾವ್ರು ಇಬ್ಬರ, ಅವ್ವ ಮತ್ತ ಕಾಕಾ." ನಾನು ತಲೆ ತಗ್ಗಿಸಿ ಕುಳಿತಿದ್ದೆ. ತನ್ನ ತಪ್ಪನ್ನು ಊರಿಗೆಲ್ಲ ಹೇಳಿಕೊಂಡು ನಕ್ಕ ಆ ಮನುಷ್ಯ, ನನ್ನದನ್ನು ಒಬ್ಬರಿಗೂ ಹೇಳದೆ ಹೋದರು. ಮಗಳಿಗೆ ನಾನಿನ್ನೂ ಹೇಳಿಲ್ಲ.