ಫ್ರೆಂಚರ ಊರಿನಲ್ಲಿ ಗುಂಡಿ ತೋಡುವ ಚನ್ನಬಸಪ್ಪ

ಮಾರ್ಚ್ ತಿಂಗಳ ಬೆಳಗು, ಇನ್ನೂ ನೆಟ್ಟಗೆ ಬೆಳಕು ಹರಿದಿಲ್ಲ. ಬ್ಯಾಲಿಫ್ರಾಂಕ್ ಊರಿನ ಹಳೇ ಚರ್ಚಿನ ಹಿಂದೆ ಚನ್ನಬಸಪ್ಪ ಸೊಂಟದಾಳದ ಗುಂಡಿಯಲ್ಲಿ ನಿಂತಿದ್ದಾರೆ. ಮೇಲಿನ ಮಣ್ಣು ಹೆಪ್ಪುಗಟ್ಟಿದೆ, ಕೆಳಗೆ ಮರದ ಬೇರು ಅಡ್ಡ ಬಂದಿದೆ. ಗೇಟಿನ ಹೊರಗೆ ಕೌನ್ಸಿಲ್‌ನವರು ಕಳಿಸಿದ ಅಗೆಯುವ ಯಂತ್ರ ಕಾದು ನಿಂತಿದೆ. ಹನ್ನೊಂದಕ್ಕೆ ಶವ ಬರುತ್ತದೆ. ಅಷ್ಟರೊಳಗೆ ಗುಂಡಿ ಮುಗಿಯದಿದ್ದರೆ ಯಂತ್ರ ಒಳಗೆ ಬರುತ್ತದೆ.

"ಬರೋಕೆ ಬಿಡಲ್ಲ. ಬೇರೆ ಯಾರಿಗಾದ್ರೂ ಮಿಷಿನ್ ಬರ್ಲಿ. ಜಾನ್ ಅವರಿಗೆ ಬೇಡ" ಎನ್ನುತ್ತಾ ಅವರು ಬೇರಿಗೆ ಕೊಡಲಿ ಹಾಕುತ್ತಾರೆ. ವಯಸ್ಸು ಐವತ್ತು ದಾಟಿದೆ, ರಟ್ಟೆ ನೋಯುತ್ತಿದೆ. ಹಟ ಮಾತ್ರ ಬಿಟ್ಟಿಲ್ಲ.

ಐರ್ಲೆಂಡಿನ ಲಿಮೆರಿಕ್‌ನಿಂದ ಮುಕ್ಕಾಲು ಗಂಟೆ ದಾರಿಯ ಈ ಊರನ್ನು ಕಟ್ಟಿದವರು ಐರಿಷರಲ್ಲ, ಫ್ರೆಂಚರು. ಮುನ್ನೂರು ವರ್ಷದ ಹಿಂದೆ ಧರ್ಮದ ಜಗಳದಲ್ಲಿ ಅವರ ರಾಜನೇ ಅವರನ್ನು ಹೊರದಬ್ಬಿದ. ಹಡಗು ಹತ್ತಿ ಬಂದವರು ಇಲ್ಲಿ ಮಗ್ಗ ಹೂಡಿದರು, ನಾರುಬಟ್ಟೆ ನೇಯ್ದರು. ಬೀದಿಗೆ ಬೆನ್ನು ಹಾಕಿ ಹಿತ್ತಲಿಗೆ ಮುಖ ಮಾಡಿದ ಮನೆ ಕಟ್ಟಿಕೊಂಡರು, ಹಿತ್ತಲ ತುಂಬ ಪೇರ್ ಹಣ್ಣಿನ ಮರ ನೆಟ್ಟರು. ಚರ್ಚಿನಲ್ಲಿ ತಲೆಮಾರುಗಟ್ಟಲೆ ಫ್ರೆಂಚಿನಲ್ಲೇ ಪ್ರಾರ್ಥನೆ ನಡೆಯಿತು. ಈಗ ಬಟ್ಟೆ ಮಿಲ್ಲಿನ ಸೂರು ಕುಸಿದಿದೆ. ಬೇಸಿಗೆಯ ಫ್ರೆಂಚ್ ಸಂತೆಯನ್ನು ಕೊರೋನಾ ನಿಲ್ಲಿಸಿದೆ. ಹೊಸ ಬಡಾವಣೆಯವರು ಕಾರಿನಲ್ಲಿ ಹೋಗಿ ಕಾರಿನಲ್ಲಿ ಬರುತ್ತಾರೆ, ಪಕ್ಕದ ಮನೆಯವರ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಊರಿನಲ್ಲಿ ಫ್ರೆಂಚ್ ಹೆಸರು ಉಳಿಸಿಕೊಂಡಿದ್ದ ಕೊನೆಯ ಮನುಷ್ಯ ಜಾನ್ ಬ್ಲಾಂಚರ್ಡ್. ಇವತ್ತಿನ ಗುಂಡಿ ಅವರದು.

ಅರಸೀಕೆರೆ ಕಡೆಯ ಚನ್ನಬಸಪ್ಪ ಇಲ್ಲಿಗೆ ಬಂದದ್ದು ಹೆಂಡತಿ ಅನಸೂಯ ಅವರ ಹಿಂದೆ. ಆಕೆಗೆ ಲಿಮೆರಿಕ್‌ನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಬಾಡಿಗೆ ಕಡಿಮೆ ಎಂದು ಈ ಊರಲ್ಲಿ ಮನೆ ಹಿಡಿದರು. ಪಕ್ಕದ ಮನೆಯೇ ಬ್ಲಾಂಚರ್ಡ್ ಅವರದು. ಚರ್ಚು, ಸ್ಮಶಾನ ನೋಡಿಕೊಳ್ಳುವ ಕೆಲಸವನ್ನು ಇವರಿಗೆ ಕೊಡಿಸಿದವರೂ ಅವರೇ.

ಮೊದಲ ಗುಂಡಿಯ ಕತೆ ಹೇಳುವಾಗ ಚನ್ನಬಸಪ್ಪನವರ ಮುಖದಲ್ಲಿ ಸಣ್ಣ ನಗು. ಅಳತೆ ಯಾರೂ ಹೇಳಿರಲಿಲ್ಲ, ಇವರೂ ಕೇಳಲಿಲ್ಲ. ಲಿಂಗಾಯತರು ಸತ್ತವರನ್ನು ಕೂರಿಸಿ ಮಣ್ಣು ಮಾಡುವವರು. ಇವರು ತಮಗೆ ಗೊತ್ತಿದ್ದ ಹಾಗೆ ಚೌಕಾಕಾರದ ಗುಂಡಿ ತೋಡಿ, ಒಳಗೊಂದು ಗೂಡನ್ನೂ ಕೊರೆದು, ಬೆವರು ಒರೆಸಿಕೊಂಡು ನಿಂತರು.

"ಜಾನ್ ಬಂದು ಬಗ್ಗಿ ನೋಡಿದ್ರು. ಬಾವಿ ತೋಡಿದೀಯಾ ಅಂದ್ರು. ನಮ್ ಪದ್ಧತಿ ಹಿಂಗೆ ಅಂತ ವಿವರಿಸ್ದೆ. ನಗ್ಲೇ ಇಲ್ಲ ಆ ಮನುಷ್ಯ. ಗ್ರ್ಯಾಂಡ್, ಚೆನ್ನಾಗಿದೆ, ಈಗ ಇನ್ನೊಂದು ಸ್ವಲ್ಪ ಉದ್ದ ಮಾಡೋಣ ಅಂತ ತಾನೂ ಸಲಿಕೆ ಹಿಡಿದ್ರು."

ಅವತ್ತೇ ಅವರು ಈ ಕಡೆಯ ಹಳ್ಳಿಗಳ ಕಟ್ಟಳೆಯನ್ನೂ ಹೇಳಿಕೊಟ್ಟರು. ಗುಂಡಿ ತೋಡಬೇಕಾದವರು ನೆರೆಯವರು. ಸತ್ತವರ ಮನೆಯವರು ಸಲಿಕೆ ಮುಟ್ಟುವ ಹಾಗಿಲ್ಲ.

ಜನವರಿಯ ಕೊರೋನಾ ಅಲೆಯಲ್ಲಿ ಅನಸೂಯ ತಮ್ಮದೇ ಆಸ್ಪತ್ರೆಯಲ್ಲಿ ಮಲಗಿದರು, ಏಳಲಿಲ್ಲ. ಚನ್ನಬಸಪ್ಪ ಕೊನೆಗೊಮ್ಮೆ ಮುಖ ನೋಡಿದ್ದು ಫೋನಿನಲ್ಲಿ. ಜೊತೆಯ ನರ್ಸೊಬ್ಬರು ಇಷ್ಟಲಿಂಗವನ್ನು ಆಕೆಯ ಎಡಗೈಯಲ್ಲಿಟ್ಟು, ಬೆರಳು ಮಡಚಿ ತೋರಿಸಿದರು. ಕೂರಿಸುವ ಮಾತೇ ಇರಲಿಲ್ಲ, ಪೆಟ್ಟಿಗೆಗೆ ಆಗಲೇ ಬೀಗಮುದ್ರೆ ಬಿದ್ದಿತ್ತು. ಊರಿಗೆ ಒಯ್ಯುವುದು ಕನಸಿನ ಮಾತು. ಉಳಿದದ್ದು ಈ ಫ್ರೆಂಚರ ಮಣ್ಣು. ಅಲ್ಲಿ ಹೊರಗಿನವರಿಗೆ ಜಾಗವಿಲ್ಲ ಎಂಬುದು ಹಳೇ ನಿಯಮ. ಚರ್ಚಿನ ಸಮಿತಿಯವರು ವೀಡಿಯೊ ಕರೆಯಲ್ಲಿ ಕೂತು ಅದನ್ನೇ ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೇಳಿದರು. ಮರ್ಯಾದೆಯಿಂದ ಹೇಳಿದರೂ ಹೊಟ್ಟೆ ಉರಿಯುವ ಮಾತೇ ಅದು.

ಸಮಿತಿಯಲ್ಲಿ ಬ್ಲಾಂಚರ್ಡ್ ಕೂಡ ಇದ್ದರು. ಅವರು ಹೇಳಿದ್ದನ್ನು ಚನ್ನಬಸಪ್ಪ ಮರೆತಿಲ್ಲ. "ಫ್ರಾನ್ಸಿನಲ್ಲಿ ನಮ್ಮ ಹಿರಿಯರ ಹೆಣಕ್ಕೂ ಸ್ಮಶಾನದ ಬಾಗಿಲು ಹಾಕಿದ್ರು. ಹಿತ್ತಲಲ್ಲಿ ಕದ್ದು ಹೂತರು. ಅದಕ್ಕೇ ಅಲ್ವೇ ನಾವು ಈ ಮಣ್ಣಿಗೆ ಬಂದದ್ದು? ಬಾಗಿಲು ಹಾಕೋದಾದ್ರೆ ನನ್ನನ್ನೂ ಬೇರೆ ಕಡೆ ಹೂಳಿ." ಜಾಗ ಸಿಕ್ಕಿತು.

ಮರುದಿನ ಬೆಳಿಗ್ಗೆ ಚನ್ನಬಸಪ್ಪ ಅಭ್ಯಾಸಬಲದಿಂದ ಸಲಿಕೆ ಹಿಡಿದು ಹೋದರೆ, ಬ್ಲಾಂಚರ್ಡ್ ಅದನ್ನು ಕೈಯಿಂದ ಕಿತ್ತುಕೊಂಡರು. ಎಪ್ಪತ್ತೆಂಟರ ಮುದುಕ, ಮನೆಬಿಟ್ಟು ಕದಲಬೇಡಿ ಎಂದು ಸರ್ಕಾರ ಹೇಳಿದ್ದ ವಯಸ್ಸು. ಬೀದಿಯ ಇನ್ನಿಬ್ಬರು ಮುದುಕರನ್ನು ಕರೆದುಕೊಂಡು, ದೂರ ದೂರ ನಿಂತು, ಜಡಿಮಳೆಯಲ್ಲಿ ಅನಸೂಯ ಅವರಿಗೆ ಗುಂಡಿ ತೋಡಿದರು. ಚನ್ನಬಸಪ್ಪ ಮಗಳು ಶರ್ವಾಣಿಯ ಕೈ ಹಿಡಿದು ನೋಡುತ್ತ ನಿಂತರು. "ನಾನು ಅತ್ತಿದ್ದು ಆಗ್ಲೇ. ಅಲ್ಲೀವರ್ಗೂ ಅಳು ಬಂದಿರ್ಲಿಲ್ಲ."

ಮೊನ್ನೆ ಬ್ಲಾಂಚರ್ಡ್ ಅವರ ಹೃದಯ ನಿಂತಿತು. ಜೊತೆಗೆ ತೋಡಿದ್ದ ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಇನ್ನೊಬ್ಬರು ಹಾಸಿಗೆ ಹಿಡಿದಿದ್ದಾರೆ. ಬಡಾವಣೆಯಿಂದ ಯಾರೂ ಬಂದಿಲ್ಲ, ಕಟ್ಟಳೆ ಅವರಿಗೆ ಗೊತ್ತೂ ಇಲ್ಲ. ಅದಕ್ಕೇ ಈ ಒಂಟಿ ಹೋರಾಟ.

ಹತ್ತೂವರೆಗೆ ಬೇರು ತುಂಡಾಗುತ್ತದೆ. ಚನ್ನಬಸಪ್ಪ ತಳ ಸಮ ಮಾಡಿ, ಏಣಿ ಹಿಡಿದು ಮೇಲೆ ಬರುತ್ತಾರೆ. ಯಂತ್ರದ ಚಾಲಕ ಟೋಪಿ ತೆಗೆದು, ಗಾಡಿ ತಿರುಗಿಸಿಕೊಂಡು ಹೋಗುತ್ತಾನೆ.

ಅಂತ್ಯಕ್ರಿಯೆಗೆ ಹತ್ತೇ ಜನ ಎಂಬುದು ನಿಯಮ. ಬ್ಲಾಂಚರ್ಡ್ ಅವರ ಮಗ ಕೆನಡಾದಲ್ಲಿ ಸಿಕ್ಕಿಕೊಂಡಿದ್ದಾನೆ, ಮನೆಯವರ ಸಾಲು ಖಾಲಿ. ಅವನು ಫೋನ್ ಮಾಡುತ್ತಾನೆ. "ಅಪ್ಪನಿಗೆ ನೀವು ತಮ್ಮನ ಹಾಗಿದ್ರಿ. ದಯವಿಟ್ಟು ಮನೆಯವರ ಸಾಲಿನಲ್ಲಿ ನಿಂತ್ಕೊಳ್ಳಿ" ಎಂದು ಅಂಗಲಾಚುತ್ತಾನೆ.

ಚನ್ನಬಸಪ್ಪ ತಮ್ಮ ಕೈ ನೋಡಿಕೊಳ್ಳುತ್ತಾರೆ. ಅಂಗೈಯ ಬೊಬ್ಬೆ ಒಡೆದು ರಕ್ತ ಜಿನುಗುತ್ತಿದೆ.

"ಬೇಡಪ್ಪ, ಹಂಗನ್ಬೇಡ. ಮನೆಯವನಾದ್ರೆ ನಾನು ಸಲಿಕೆ ಮುಟ್ಟೋ ಹಾಗಿರ್ಲಿಲ್ಲ" ಎನ್ನುತ್ತಾರೆ. "ನಾನು ಪಕ್ಕದ ಮನೆಯವನು."